ಜಗಲಿಯ ಫ್ಯೂಸ್ ಬೋರ್ಡನ್ನು ಎಲ್ಲಿಗೆ ಸರಿಸುವುದು, ಹೇಗೆ ಮರೆಮಾಡುವುದು

ಉತ್ತರ ಕನ್ನಡದ ಹಳೆಯ ಮನೆಗಳ ಜಗಲಿಯಲ್ಲಿ ಹಿರಿಯರ ಫೋಟೊಗಳ ಸಾಲಿಗೆ ಸಮನಾಗಿ ಕಣ್ಣಿಗೆ ಬೀಳುವ ಇನ್ನೊಂದು ವಸ್ತು ಫ್ಯೂಸ್ ಬೋರ್ಡ್. ಕರೆಂಟು ಬಂದ ಹೊಸತರಲ್ಲಿ ಕಂಬದ ತಂತಿ ಇಳಿದ ಗೋಡೆಯ ಒಳಮೈಗೇ ಒಂದು ಹಲಗೆ ಬಡಿದು, ಅದರ ಮೇಲೆ ಮೀಟರು, ಕಬ್ಬಿಣದ ಮೇನ್ ಸ್ವಿಚ್, ಬಿಳಿ ಪಿಂಗಾಣಿ ಫ್ಯೂಸ್‌ಗಳನ್ನು ಕೂರಿಸಿ ಹೋದವರು ಅಂದಚಂದದ ಬಗ್ಗೆ ತಲೆ ಕೆಡಿಸಿಕೊಂಡಿರಲಿಲ್ಲ. ಮನೆಯಲ್ಲೊಂದು ಮದುವೆಯೋ ಉಪನಯನವೋ ನಿಶ್ಚಯವಾಗಿ ಬಣ್ಣ ಹೊಡೆಸುವ ಮಾತು ಬಂದಾಗ ಮೊದಲ ತಕರಾರು ಏಳುವುದು ಈ ಬೋರ್ಡಿನ ಮೇಲೆ. ‘ಇರಲಿ ಬಿಡಿ ಹೆಗಡೆಯವರೇ, ಮೇಲೊಂದು ದೊಡ್ಡ ಕ್ಯಾಲೆಂಡರ್ ತೂಗಿಸಿದರಾಯಿತು’ ಎಂದು ವೈರಿಂಗ್ ಮಾಡುವವನು ಪರಿಹಾರ ಸೂಚಿಸುತ್ತಾನೆ. ಬಿಸಿಯಾಗುವ ಫ್ಯೂಸುಗಳ ಮೇಲೆ ಕಾಗದ ತೂಗಿಸುವ ಆ ಪರಿಹಾರವೊಂದನ್ನು ಬಿಟ್ಟು ಬೇರೆ ದಾರಿಗಳೇನಿವೆ ಎಂದು ನೋಡೋಣ.

ಮೊದಲೇ ಹೇಳಿಬಿಡುವುದು ಒಳ್ಳೆಯದು: ವೈರ್ ಬಿಚ್ಚಿ ಜೋಡಿಸುವ ಕೆಲಸ ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರದ್ದು, ನಿಮ್ಮದಲ್ಲ. ಹಾಗೆಂದು ಮನೆಯವರು ಚಹಾ ಕೊಟ್ಟು ಕುಳಿತಿರಬೇಕೆಂದೇನೂ ಅಲ್ಲ. ಗೋಡೆ ಆರಿಸುವುದು, ಯಾವ ಫ್ಯೂಸು ಯಾವ ಕೋಣೆಗೆ ಎಂಬ ಪಟ್ಟಿ ಮಾಡುವುದು, ಸರಿಯಾದ ಪ್ರಶ್ನೆ ಕೇಳುವುದು, ಕೊನೆಗೆ ಪರೀಕ್ಷೆ ಮಾಡಿಸಿಕೊಳ್ಳುವುದು ಇವೆಲ್ಲ ನಿಮ್ಮ ಪಾಲಿನವು. ಕೆಲಸ ಕೆಡುವುದೂ ಹೆಚ್ಚಾಗಿ ಇಲ್ಲಿಯೇ.

ಹೆಸ್ಕಾಂನದು ಎಲ್ಲಿಯವರೆಗೆ

ನಮ್ಮ ಜಿಲ್ಲೆಗೆ ವಿದ್ಯುತ್ ಕೊಡುವುದು ಹೆಸ್ಕಾಂ. ಕಂಬದಿಂದ ಬರುವ ಸರ್ವಿಸ್ ವೈರ್, ಮೀಟರಿಗೂ ಮೊದಲು ಬರುವ ಹೆಸ್ಕಾಂನ ಫ್ಯೂಸ್ ಅಂದರೆ ಕಟ್‌ಔಟ್, ಮೀಟರು, ಅದರ ಸೀಲು ಇವು ಯಾವುವನ್ನೂ ನೀವಾಗಲಿ ನಿಮ್ಮ ವೈರ್‌ಮನ್ ಆಗಲಿ ಮುಟ್ಟುವಂತಿಲ್ಲ. ಸೀಲು ಒಡೆದು ಮೀಟರನ್ನು ಎರಡು ಅಡಿ ಆಚೆ ಸರಿಸಿದರೂ 2003ರ ವಿದ್ಯುತ್ ಕಾಯ್ದೆಯ 135 ಮತ್ತು 138ನೇ ಕಲಮುಗಳು ನಿಮ್ಮ ಬಾಗಿಲಿಗೆ ಬರಬಹುದು. ಕಳ್ಳತನದ ಉದ್ದೇಶ ಇರಲಿಲ್ಲ ಎಂದು ಸಮಜಾಯಿಷಿ ಕೊಡುತ್ತ ಅಲೆಯುವುದು ಯಾರಿಗೆ ಬೇಕು? ಮೀಟರನ್ನೇ ಸರಿಸಬೇಕಿದ್ದರೆ ಬಿಲ್ಲಿನಲ್ಲಿರುವ ಆರ್‌ಆರ್ ನಂಬರ್ ಹಿಡಿದು ನಿಮ್ಮ ಶಾಖಾ ಕಚೇರಿಯಲ್ಲಿ ಅರ್ಜಿ ಕೊಡಿ. ಗುತ್ತಿಗೆದಾರರೇ ಸಾಮಾನ್ಯವಾಗಿ ಈ ಓಡಾಟ ಮಾಡಿಕೊಡುತ್ತಾರೆ. ಮೀಟರ್ ರೀಡರ್ ಬಂದಾಗ ಮನೆಯ ಬೀಗ ತೆಗೆಸದೆ ಓದುವಂತಿರಬೇಕು ಎಂಬುದನ್ನು ಕಚೇರಿಯವರು ನೋಡುತ್ತಾರೆ. ಆದ್ದರಿಂದ ಮೀಟರನ್ನು ಒಳಗೆ ಬಚ್ಚಿಡುವ ಆಸೆ ಬೇಡ.

ಮೀಟರಿನಿಂದ ಆಚೆಗೆ ಇರುವುದು ನಿಮ್ಮದು: ಮೇನ್ ಸ್ವಿಚ್, ಫ್ಯೂಸ್‌ಗಳು ಅಥವಾ ಎಂಸಿಬಿಗಳ (ಕರೆಂಟು ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್ಚುಗಳ) ಪೆಟ್ಟಿಗೆ, ಅಲ್ಲಿಂದ ಕೋಣೆಕೋಣೆಗೆ ಹೋಗುವ ವೈರು. ಪೆಟ್ಟಿಗೆಯನ್ನು ಈಗ ಎಲ್ಲರೂ ಡಿಬಿ ಎನ್ನುತ್ತಾರೆ, ನಾನೂ ಹಾಗೆಯೇ ಬರೆಯುತ್ತೇನೆ. ಸಂತೋಷದ ಸಂಗತಿಯೆಂದರೆ ಮೀಟರು ಇದ್ದಲ್ಲೇ ಇದ್ದು ಡಿಬಿ ಮಾತ್ರ ಒಳಗೆ ಹೋಗಬಹುದು. ಹೆಚ್ಚಿನ ಮನೆಗಳಿಗೆ ಇಷ್ಟು ಸಾಕು. ಆದರೆ ಒಂದು ಕರಾರು ಇದೆ. ಮೀಟರಿನ ಮಗ್ಗುಲಲ್ಲೇ ಕರೆಂಟು ತರುವ ಫೇಸ್, ಮರಳಿ ಒಯ್ಯುವ ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಡಿಯುವ ಡಬಲ್ ಪೋಲ್ ಎಂಸಿಬಿಯೊಂದು ಉಳಿಯಲೇಬೇಕು. ಅದಿಲ್ಲದಿದ್ದರೆ ಮೀಟರಿನಿಂದ ಡಿಬಿಯವರೆಗೆ ಗೋಡೆಯೊಳಗೆ ಹೋದ ಉದ್ದನೆಯ ಕೇಬಲ್ಲಿಗೆ ರಕ್ಷಣೆಯೂ ಇಲ್ಲ, ಅದನ್ನು ಆರಿಸುವ ಉಪಾಯವೂ ಇಲ್ಲ.

ಸರಿಸಬೇಕೇ, ಮುಚ್ಚಿದರೆ ಸಾಕೇ?

ಬೋರ್ಡು ಒಣ ಗೋಡೆಯಲ್ಲಿದೆ, ಎದೆಮಟ್ಟದಲ್ಲಿದೆ, ಎದುರು ಜಾಗವಿದೆ, ನೋಡಲು ಮಾತ್ರ ಚೆನ್ನಾಗಿಲ್ಲ ಎಂದಾದರೆ ಸರಿಸುವ ಉಸಾಬರಿ ಬೇಡ. ಹಲಗೆ ತೆಗೆಸಿ, ಪಿಂಗಾಣಿ ಫ್ಯೂಸ್‌ಗಳ ಬದಲು ಅದೇ ಜಾಗದಲ್ಲಿ ಬಾಗಿಲುಳ್ಳ ಡಿಬಿ ಹಾಕಿಸಿ, ಅದರ ಮೇಲೊಂದು ಮರೆ ಮಾಡಿಸಿ. ಖರ್ಚು ಕಡಿಮೆ, ಹಳೆಯ ವೈರುಗಳೂ ನೇರವಾಗಿ ಒಳಗೆ ಬರುತ್ತವೆ.

ಕೆಲವು ಕಡೆಗಳಿಂದ ಮಾತ್ರ ಎಷ್ಟೇ ಖರ್ಚಾದರೂ ಕೀಳಿಸಬೇಕು. ಅಡುಗೆಮನೆಯ ಗ್ಯಾಸ್ ಒಲೆ ಅಥವಾ ಸಿಂಕಿನ ಮೇಲೆ, ಬಚ್ಚಲಿನಲ್ಲಿ, ವಾಷಿಂಗ್ ಮೆಷಿನ್ನಿನ ಹತ್ತಿರ ಇದ್ದರೆ ಅದು ರಾಷ್ಟ್ರೀಯ ಕಟ್ಟಡ ಸಂಹಿತೆಗೇ ವಿರುದ್ಧ. ತೊಳೆಯುವ ಕೋಣೆಯಲ್ಲಿ ತೊಳೆಯುವ ಸಲಕರಣೆಯಿಂದ ಎರಡೂವರೆ ಮೀಟರಿನ ಒಳಗೆ ಬೋರ್ಡ್ ಇರಬಾರದು ಎನ್ನುತ್ತದೆ ಅದು. ಇಲ್ಲೇ ವಾಸ್ತುವಿನ ತಂಟೆಯೂ ಶುರು. ಕರೆಂಟು ಅಗ್ನಿ, ಆದ್ದರಿಂದ ಬೋರ್ಡು ಆಗ್ನೇಯಕ್ಕೆ ಎನ್ನುತ್ತಾರೆ. ಒಲೆಯೂ ಅಗ್ನಿ, ಆದ್ದರಿಂದ ಅಡುಗೆಮನೆಯೂ ಆಗ್ನೇಯಕ್ಕೆ. ಕೊನೆಗೆ ಎರಡೂ ಒಂದೇ ಕೋಣೆಯಲ್ಲಿ, ಕುಕ್ಕರಿನ ಹಬೆ ಸೀದಾ ಎಂಸಿಬಿಗಳ ಮೇಲೆ. ಅಡುಗೆಮನೆಯ ಅಡ್ಡಗೋಡೆಯ ಆಚೆ ಬದಿಗೆ ಹಾಕಿಸಿದರೂ ದಿಕ್ಕು ಅದೇ ಆಗುತ್ತದೆ ಎಂದು ಪುರೋಹಿತರನ್ನು ಒಪ್ಪಿಸಿ.

ದೇವರ ಕೋಣೆಯೂ ಬೇಡ. ದೀಪ, ಎಣ್ಣೆ, ಕರ್ಪೂರ ಮೂರೂ ಅಲ್ಲಿವೆ. ಮೆಟ್ಟಿಲ ಕೆಳಗಿನ ಜಾಗ ಚೆನ್ನಾಗಿಯೇ ಇರುತ್ತದೆ, ಆದರೆ ಅಲ್ಲಿ ತೆಂಗಿನ ಸಿಪ್ಪೆ, ಹಳೆಯ ಪೇಪರು, ಗೋಣಿಚೀಲ ತುಂಬಿಸುವ ಮನೆಯಾದರೆ ಅದನ್ನೂ ಮರೆತುಬಿಡಿ.

ಒಣ ಗೋಡೆ ಹುಡುಕುವುದು

ಬೆಂಗಳೂರಿನಲ್ಲಿ ಬರೆದ ಸಲಹೆಗಳು ನಮ್ಮಲ್ಲಿ ಸೋಲುವುದು ಇಲ್ಲಿ. ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗಾಳಿ ಪಡುವಣದಿಂದ ಮಳೆಯನ್ನು ಅಡ್ಡಡ್ಡ ಎತ್ತಿ ಗೋಡೆಗೆ ಬಡಿಯುತ್ತದೆ. ಹಿಂದಿನವರು ಪಡುವಣ ಗೋಡೆಗೆ ಮಳೆಗಾಲ ಪೂರ್ತಿ ಸೋಗೆಯ ತಟ್ಟಿ ಕಟ್ಟುತ್ತಿದ್ದುದು ಸುಮ್ಮನೆ ಅಲ್ಲ. ಚಿರೆಕಲ್ಲು ನೀರನ್ನು ಹೀರುವ ಕಲ್ಲು. ಹೊರಗೆ ಗಿಲಾಯಿ ಬಿರುಕು ಬಿಟ್ಟಿದ್ದರೆ ಒಳಗಿನ ಬಣ್ಣ ಆಷಾಢದಲ್ಲಿ ಗುಳ್ಳೆಯೆದ್ದು ಉಬ್ಬುತ್ತದೆ. ಅಂಥ ಗೋಡೆಯೊಳಗೆ ಡಿಬಿ ಹುಗಿದರೆ ಪೆಟ್ಟಿಗೆಯ ಬೆನ್ನು ವರ್ಷದ ನಾಲ್ಕು ತಿಂಗಳು ಒದ್ದೆ ಬಟ್ಟೆಗೆ ಒರಗಿ ಕೂತಂತೆ.

ಆದ್ದರಿಂದ ಮನೆಯ ಹೊರಗೋಡೆಗಳನ್ನು, ಅದರಲ್ಲೂ ಪಶ್ಚಿಮ ಮತ್ತು ನೈಋತ್ಯದವನ್ನು, ಪಟ್ಟಿಯಿಂದ ಹೊಡೆದುಹಾಕಿ. ಬಚ್ಚಲಿನ ಬೆನ್ನಿಗೆ ಅಂಟಿದ ಗೋಡೆ, ತಾರಸಿಯ ನೀರಿನ ಪೈಪು ಇಳಿಯುವ ಗೋಡೆ, ಮಾಡಿನ ಎರಡು ಇಳಿಜಾರು ಕೂಡುವ ಕಣಿವೆಯ ಕೆಳಗಿನ ಗೋಡೆ ಇವೂ ಬೇಡ. ಉಳಿಯುವುದು ಮನೆಯೊಳಗಿನ ಅಡ್ಡಗೋಡೆಗಳು: ಜಗಲಿಗೂ ನಡುಮನೆಗೂ ನಡುವಿನದು, ಹಜಾರಕ್ಕೂ ಮಲಗುವ ಕೋಣೆಗೂ ನಡುವಿನದು. ಇವುಗಳಲ್ಲಿ ಯಾವುದು ಒಣಗಿದೆ ಎಂದು ತಿಳಿಯಲು ಮಳೆಗಾಲದಲ್ಲಿ ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಗೋಡೆಗೆ ಅಂಟಿಸಿಡಿ. ಎರಡು ದಿನ ಬಿಟ್ಟು ಹಾಳೆಯ ಒಳಮೈಯಲ್ಲಿ ಬೆವರು ಕಂಡರೆ ಆ ಗೋಡೆ ಅಲ್ಲ. ಹಾಗಾಗಿ ಗೋಡೆಯನ್ನು ಆರಿಸುವುದು ಮಳೆಗಾಲದಲ್ಲಿ, ಕೆಲಸ ಮಾಡಿಸುವುದು ಡಿಸೆಂಬರ್ ಮತ್ತು ಏಪ್ರಿಲ್ ನಡುವೆ.

ನದಿದಂಡೆಯ ಮನೆಗಳಿಗೆ ಇನ್ನೊಂದು ಲೆಕ್ಕ ಬೇಕು. 2019ರ ಆಗಸ್ಟಿನಲ್ಲಿ, ಮತ್ತೆ 2021ರ ಜುಲೈಯಲ್ಲಿ ಕಾಳಿ, ಗಂಗಾವಳಿ ದಂಡೆಯ ಮನೆಗಳಿಗೆ ನೀರು ನುಗ್ಗಿದ್ದನ್ನು ಯಾರೂ ಮರೆತಿಲ್ಲ. ಗೋಡೆಯ ಮೇಲೆ ಆಗ ನಿಂತ ನೀರಿನ ಗೆರೆ ಇನ್ನೂ ಗುರುತಿಗೆ ಸಿಗುವ ಮನೆಯಾದರೆ ಡಿಬಿ ಅದಕ್ಕಿಂತ ಸಾಕಷ್ಟು ಮೇಲಿರಲಿ. ಮಹಡಿ ಇದ್ದರೆ ಮಹಡಿಗೇ ಹೋಗಲಿ. ಜೊತೆಗೆ ಕೆಳಗಿನ ನೆಲದ ಪ್ಲಗ್ಗುಗಳಿಗೆ ಪ್ರತ್ಯೇಕ ಎಂಸಿಬಿ ಇಡಿಸಿ. ನೀರು ಅಂಗಳಕ್ಕೆ ಬಂದಾಗ ಕೆಳಗಿನದನ್ನು ಮಾತ್ರ ಆರಿಸಿ ಮಹಡಿಯ ದೀಪ ಉಳಿಸಿಕೊಳ್ಳಬಹುದು.

ಎತ್ತರದ ವಿಷಯದಲ್ಲಿ ಸಾಮಾನ್ಯ ಮನೆಗೆ ಪೆಟ್ಟಿಗೆಯ ನಡುಭಾಗ ನೆಲದಿಂದ ಒಂದೂವರೆ ಮೀಟರ್ ಸರಿ. ಎಂಸಿಬಿಯ ಹಿಡಿ ಯಾವ ಕಾರಣಕ್ಕೂ ಎರಡು ಮೀಟರಿಗಿಂತ ಮೇಲಿರಬಾರದು. ಎದುರಿಗೆ ಒಂದು ಮೀಟರ್ ಖಾಲಿ ಜಾಗ ಇರಬೇಕು, ಮತ್ತು ಅದು ಖಾಲಿಯಾಗಿಯೇ ಉಳಿಯಬೇಕು. ಸೋಫಾ ಏರಿ ನಿಂತು ಎಂಸಿಬಿ ಎತ್ತಬೇಕಾದ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ.

ಗೋಡೆಯ ಜಾತಿಯನ್ನೂ ನೋಡಿ. ಶಿರಸಿ, ಸಿದ್ದಾಪುರದ ಕಡೆಯ ಹಳೆಯ ಮನೆಗಳ ಮಣ್ಣಿನ ಗೋಡೆಯಲ್ಲಿ ಗೂಡು ಕೊರೆದು ಪೆಟ್ಟಿಗೆ ಹುಗಿಯಲು ಹೋದರೆ ಅಂಚು ಉದುರುತ್ತಲೇ ಇರುತ್ತದೆ. ಅಲ್ಲಿ ಗೋಡೆಯ ಮೇಲ್ಮೈಗೆ ಕೂರುವ ಡಿಬಿಯೇ ವಾಸಿ, ವೈರುಗಳಿಗೆ ಪಿವಿಸಿ ಪೈಪೋ ಕೇಸಿಂಗ್ ಪಟ್ಟಿಯೋ. ಚಿರೆಕಲ್ಲಿನಲ್ಲಿ ಹುಗಿಯಬಹುದು, ಆದರೆ ಉಳಿ ಸುತ್ತಿಗೆ ಬೇಡ, ಕಟಿಂಗ್ ಮೆಷಿನ್ ತರಿಸಿ. ಕಟಿಂಗ್ ಮೇಲಿಂದ ಕೆಳಕ್ಕೆ ನೇರವಾಗಿರಲಿ. ಮಾಡಿನ ಭಾರ ಹೊತ್ತ ಗೋಡೆಯಲ್ಲಿ ಉದ್ದಕ್ಕೆ ಅಡ್ಡ ಸೀಳು ಹೊಡೆಯಲು ಬಿಡಬೇಡಿ. ಹಲಗೆಯ ಗೋಡೆಯಾದರೆ ಪೆಟ್ಟಿಗೆಯ ಹಿಂದೆ ಸಿಮೆಂಟ್ ಬೋರ್ಡಿನ ತುಂಡು ಕಡ್ಡಾಯ.

ಹಳೆಯ ವೈರು ಹೊಸ ಜಾಗಕ್ಕೆ ಮುಟ್ಟದಿದ್ದರೆ

ಮುಟ್ಟುವುದಿಲ್ಲ, ಅದು ಖಚಿತ. ಹಳೆಯ ಬೋರ್ಡಿಗೆ ಬಂದು ಸೇರುವ ವೈರುಗಳು ಅಲ್ಲಿಗೆಂದೇ ಕತ್ತರಿಸಿದವು. ಡಿಬಿ ಹತ್ತು ಅಡಿ ಸರಿದರೆ ಪ್ರತಿಯೊಂದು ವೈರೂ ಹತ್ತು ಅಡಿ ಕಡಿಮೆ ಬೀಳುತ್ತದೆ. ಇಲ್ಲಿ ಎರಡು ದಾರಿಗಳಿವೆ, ಮತ್ತು ಗುತ್ತಿಗೆದಾರರ ಬೆಲೆಯಲ್ಲಿ ಕಾಣುವ ವ್ಯತ್ಯಾಸವೆಲ್ಲ ಯಾವ ದಾರಿ ಹಿಡಿದರು ಎಂಬುದರದ್ದು.

ಒಂದನೆಯದು, ಹಳೆಯ ಜಾಗವನ್ನು ಜಂಕ್ಷನ್ ಬಾಕ್ಸ್ ಮಾಡುವುದು. ಬೋರ್ಡ್ ಇದ್ದಲ್ಲಿ ಮುಚ್ಚಳವಿರುವ ಪೆಟ್ಟಿಗೆಯೊಂದನ್ನು ಉಳಿಸಿ, ಹಳೆಯ ವೈರುಗಳನ್ನು ಟರ್ಮಿನಲ್ ಬ್ಲಾಕಿಗೆ ಕಟ್ಟಿ, ಅಲ್ಲಿಂದ ಹೊಸ ಡಿಬಿಗೆ ಹೊಸ ವೈರು ಎಳೆಯುವುದು. ಇದು ಒಪ್ಪತಕ್ಕದ್ದೇ, ಆದರೆ ಆ ಮುಚ್ಚಳ ಎಂದೆಂದಿಗೂ ತೆರೆಯುವಂತಿರಬೇಕು. ಜೋಡಣೆಗಳ ಮೇಲೆ ಇನ್ಸುಲೇಶನ್ ಟೇಪ್ ಸುತ್ತಿ, ಗಿಲಾಯಿ ಮೆತ್ತಿ, ಮೇಲೆ ಪುಟ್ಟಿ ಬಳಿದು ‘ಗೊತ್ತೇ ಆಗುವುದಿಲ್ಲ ನೋಡಿ’ ಎಂದು ತೋರಿಸುವ ಕೆಲಸಗಾರನಿಂದ ಆಗಲೇ ಗೋಡೆ ಒಡೆಸಿ. ನಮ್ಮ ಗಾಳಿಯ ತೇವಕ್ಕೆ ಆ ಟೇಪಿನ ಅಂಟು ಬಿಡುವುದಕ್ಕೆ ಹೆಚ್ಚು ಕಾಲ ಬೇಕಿಲ್ಲ.

ಎರಡನೆಯದು, ಪ್ರತಿ ಕೋಣೆಯ ಸ್ವಿಚ್ ಬೋರ್ಡಿನಿಂದ ಹೊಸ ಡಿಬಿಯವರೆಗೆ ತುಂಡಿಲ್ಲದ ಹೊಸ ವೈರು. ಖರ್ಚು ಹೆಚ್ಚು. ಮನೆಯ ವೈರಿಂಗಿಗೆ ಮೂವತ್ತು ವರ್ಷ ದಾಟಿದ್ದರೆ ನಾನು ಇದನ್ನೇ ಹೇಳುತ್ತೇನೆ.

ಯಾಕೆಂದರೆ ಹಳೆಯ ಮನೆಗಳಲ್ಲಿ ಅಲ್ಯೂಮಿನಿಯಂ ವೈರು ಬಹಳ. ಅಲ್ಯೂಮಿನಿಯಂ ತುದಿಯನ್ನು ತಾಮ್ರದ ತುದಿಗೆ ಹೊಸೆದು ಕಟ್ಟಿದರೆ ತೇವಾಂಶದಲ್ಲಿ ಎರಡು ಲೋಹಗಳ ನಡುವೆ ಸವೆತ ಶುರುವಾಗುತ್ತದೆ; ಗಾಳಿಯಲ್ಲಿ ಉಪ್ಪಿದ್ದರೆ ಇನ್ನೂ ಬೇಗ. ಜೋಡಣೆ ಸಡಿಲವಾಗಿ, ಬಿಸಿಯಾಗಿ, ಕೊನೆಗೆ ಸುಡುತ್ತದೆ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ಸಮುದ್ರದಂಚಿನ ಮನೆಗಳಲ್ಲಿ ತಾಮ್ರದ ತುದಿಯ ಮೇಲೂ ಹಸಿರು ಹುಡಿ ಕಾಣಿಸುವುದನ್ನು ನೀವೇ ನೋಡಿರುತ್ತೀರಿ. ಅನಿವಾರ್ಯವಾಗಿ ಈ ಎರಡು ಲೋಹಗಳನ್ನು ಜೋಡಿಸಬೇಕಾದರೆ ಅದಕ್ಕೆಂದೇ ಇರುವ ಬೈಮೆಟಲ್ ಕನೆಕ್ಟರ್ ಹಾಕಿಸಬೇಕು.

ಹಳೆಯ ವೈರ್‌ಮನ್‌ಗಳು ಈಗಲೂ 1/18, 3/20, 7/20 ಎಂದು ಅಳತೆ ಹೇಳುತ್ತಾರೆ; ಮೊದಲಿನದು ಎಳೆಗಳ ಸಂಖ್ಯೆ, ಎರಡನೆಯದು ಎಳೆಯ ಗೇಜು. ಹೊಸ ಲೆಕ್ಕದಲ್ಲಿ ಅವು ಸುಮಾರಾಗಿ 1.2, 2 ಮತ್ತು 4.6 ಚದರ ಮಿಲಿಮೀಟರ್. ಇದು ಗೊತ್ತಿರುವುದು ಯಾಕೆ ಮುಖ್ಯವೆಂದರೆ ಎಂಸಿಬಿ ಕಾಯುವುದು ಮಿಕ್ಸರನ್ನೋ ಫ್ರಿಜ್ಜನ್ನೋ ಅಲ್ಲ, ಗೋಡೆಯೊಳಗಿನ ವೈರನ್ನು. 1/18ರ ಸಣಕಲು ವೈರಿಗೆ ‘ಪದೇ ಪದೇ ಬೀಳುತ್ತದೆ’ ಎಂದು 20 ಆಂಪಿಯರ್ ಎಂಸಿಬಿ ಹಾಕಿದರೆ ಎಂಸಿಬಿ ಬೀಳುವುದಿಲ್ಲ, ವೈರು ಉರಿಯುತ್ತದೆ.

ಮೀಟರಿನಿಂದ ಡಿಬಿಗೆ ಬರುವ ಮುಖ್ಯ ಕೇಬಲ್ಲಿನಲ್ಲಿ ಜಿಪುಣತನ ಬೇಡ. ಬಿಲ್ಲಿನಲ್ಲಿ ಮಂಜೂರಾದ ಲೋಡ್ ನೋಡಿ; 5 ಕಿಲೋವಾಟ್ ಎಂದರೆ 230 ವೋಲ್ಟಿಗೆ ಹತ್ತಿರಹತ್ತಿರ 22 ಆಂಪಿಯರ್. ಉದ್ದನೆಯ ಮನೆಯಲ್ಲಿ ಡಿಬಿ 20 ಮೀಟರ್ ಒಳಗೆ ಹೋಯಿತು, 20 ಆಂಪಿಯರ್ ಹರಿಯುತ್ತಿದೆ ಎನ್ನಿ. 4 ಚದರ ಮಿಲಿಮೀಟರಿನ ತಾಮ್ರದ ವೈರಾದರೆ ಹೋಗಿಬರುವ ದಾರಿಯಲ್ಲಿ ಮೂರೂವರೆ ವೋಲ್ಟಿಗಿಂತ ಹೆಚ್ಚು ನಷ್ಟ. 10 ಚದರ ಮಿಲಿಮೀಟರಿನದಾದರೆ ಒಂದೂವರೆ ವೋಲ್ಟ್. ಸಂಜೆ ಹೊತ್ತು ಟ್ಯೂಬ್‌ಲೈಟ್ ಮಿಣಮಿಣ ಎನ್ನುವ ಘಟ್ಟದ ಮೇಲಿನ ಹಳ್ಳಿಗಳಲ್ಲಿ ಈ ಎರಡು ವೋಲ್ಟೂ ಲೆಕ್ಕಕ್ಕೆ ಬರುತ್ತದೆ.

ಎಲ್ಲರೂ ಮರೆಯುವುದು ಅರ್ಥಿಂಗ್. ಹೊರಗಿನ ಅರ್ಥಿಂಗ್ ಗುಂಡಿಯಿಂದ ಬಂದ ತಂತಿ ಹಳೆಯ ಮೇನ್ ಸ್ವಿಚ್ಚಿಗೆ ಬಂದು ನಿಂತಿರುತ್ತದೆ. ಡಿಬಿ ಸರಿದ ಮೇಲೆ ಆ ತಂತಿಯೂ ಹೊಸ ಪೆಟ್ಟಿಗೆಯ ಅರ್ಥ್ ಪಟ್ಟಿಗೆ ಮುಟ್ಟಬೇಕು. ಇದನ್ನು ಬಾಯಿಮಾತಿಗೆ ಬಿಡದೆ ಕಣ್ಣಾರೆ ನೋಡಿ. ಗುಂಡಿಯನ್ನೂ ಇದೇ ನೆಪದಲ್ಲಿ ಅಗೆಸಿ ನೋಡಿಸಿ: ಸಮುದ್ರದ ಬಳಿ ಕಬ್ಬಿಣದ ಪೈಪು ತುಕ್ಕು ತಿಂದು ಹೆಸರಿಗಷ್ಟೇ ಇರುತ್ತದೆ, ಗುಡ್ಡದ ಚಿರೆಮಣ್ಣಿನಲ್ಲಿ ಬೇಸಗೆಗೆ ಗುಂಡಿ ಪೂರ್ತಿ ಒಣಗಿರುತ್ತದೆ. ಒಣಗಿದ ಗುಂಡಿಗೆ ಮಾರ್ಚ್, ಏಪ್ರಿಲ್‌ನಲ್ಲಿ ಆಗಾಗ ಎರಡು ಕೊಡ ನೀರು ಸುರಿಯುವ ಹಳೆಯ ಪದ್ಧತಿ ಸರಿಯಾದದ್ದೇ.

ಹೊಸ ಪೆಟ್ಟಿಗೆಯೊಳಗೆ ಏನಿರಬೇಕು

ಕರಾವಳಿಯಲ್ಲಿ ತಗಡಿನ ಅಗ್ಗದ ಡಿಬಿ ಬೇಗ ತುಕ್ಕು ಹಿಡಿಯುತ್ತದೆ. ಒಳಗೋಡೆಗೆ ಪೌಡರ್ ಕೋಟಿಂಗ್ ಇರುವ ಎರಡು ಬಾಗಿಲಿನ ಡಿಬಿ ಅಥವಾ ಒಳ್ಳೆಯ ಪ್ಲಾಸ್ಟಿಕ್ಕಿನದು ಸಾಕು. ತೆರೆದ ಜಗಲಿಗೇ ಹಾಕಬೇಕಾದರೆ ಐಪಿ 65 (ದೂಳು, ನೀರು ಒಳಗೆ ಬಿಡದ್ದು) ಎಂದು ಬರೆದಿರುವ ಮುಚ್ಚಿದ ಪೆಟ್ಟಿಗೆ ಕೇಳಿ. ಈಗ ಆರು ಎಂಸಿಬಿ ಸಾಕು ಎನಿಸಿದರೂ ಹನ್ನೆರಡರ ಪೆಟ್ಟಿಗೆ ತನ್ನಿ. ನಾಳೆ ಎಸಿ ಬರುತ್ತದೆ, ಮಾಡಿನ ಮೇಲೆ ಸೋಲಾರ್ ಬರುತ್ತದೆ, ಸ್ಕೂಟರಿಗೆ ಚಾರ್ಜಿಂಗ್ ಬೇಕಾಗುತ್ತದೆ.

ದೀಪ, ಫ್ಯಾನುಗಳಿಗೆ 1.5 ಚದರ ಮಿಲಿಮೀಟರ್ ವೈರು, 6 ಆಂಪಿಯರ್ ಎಂಸಿಬಿ. ದೊಡ್ಡ ಪ್ಲಗ್ಗಿಗೆ 2.5 ಮತ್ತು 16. ಗೀಸರಿಗೆ, ಎಸಿಗೆ 4 ಚದರ ಮಿಲಿಮೀಟರ್ ಮತ್ತು ಒಂದೊಂದಕ್ಕೂ ಸ್ವಂತ ಎಂಸಿಬಿ. ನ್ಯೂಟ್ರಲ್ ವೈರುಗಳಿಗೆ ಪ್ರತ್ಯೇಕ ಪಟ್ಟಿ. ಹಳೆಯ ಬೋರ್ಡುಗಳಲ್ಲಿ ನ್ಯೂಟ್ರಲ್ಲಿಗೂ ಒಂದು ಪಿಂಗಾಣಿ ಫ್ಯೂಸ್ ಇರುವುದುಂಟು. ಅದು ಸುಟ್ಟುಹೋದರೆ ದೀಪ ಆರುತ್ತದೆ, ಕರೆಂಟಿಲ್ಲ ಎಂದುಕೊಂಡು ಮುಟ್ಟಿದವನಿಗೆ ಮಾತ್ರ ಹೊಡೆಯುತ್ತದೆ. ಹೊಸದರಲ್ಲಿ ಅದು ಇರಕೂಡದು.

ಆರ್‌ಸಿಸಿಬಿ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಹೋದ ಕರೆಂಟಿಗೂ ಮರಳಿ ಬಂದ ಕರೆಂಟಿಗೂ 30 ಮಿಲಿ ಆಂಪಿಯರಿನಷ್ಟು ವ್ಯತ್ಯಾಸ ಬಂದರೆ, ಅಂದರೆ ಎಲ್ಲೋ ಗೋಡೆಗೋ ಮನುಷ್ಯನಿಗೋ ಸೋರಿದರೆ, ಇದು ಕ್ಷಣಾರ್ಧದಲ್ಲಿ ಕಡಿಯುತ್ತದೆ. ಒದ್ದೆ ನೆಲ, ಒದ್ದೆ ಗೋಡೆ, ಒದ್ದೆ ಕೈಗಳ ನಮ್ಮ ಜಿಲ್ಲೆಯಲ್ಲಿ ಬೇರೆ ಯಾವುದನ್ನು ಬಿಟ್ಟರೂ ಇದನ್ನು ಬಿಡಬಾರದು. ಇಷ್ಟಾದರೂ ಹಳೆಯ ಮನೆಗಳಲ್ಲಿ ಹಾಕಿದ ವಾರಕ್ಕೇ ‘ಸುಮ್ಮಸುಮ್ಮನೆ ಬೀಳುತ್ತದೆ’ ಎಂದು ಕಿತ್ತು ಹಾಕಿಸುತ್ತಾರೆ. ಬಹಳ ಸಲ ಅದು ಸುಮ್ಮನೆ ಬೀಳುತ್ತಿರುವುದಿಲ್ಲ. ಒಂದು ಕೋಣೆಯ ಫೇಸಿಗೆ ಇನ್ನೊಂದು ಸಾಲಿನ ನ್ಯೂಟ್ರಲ್ ಎರವಲು ಪಡೆದಿರುತ್ತಾರೆ. ಇನ್ವರ್ಟರಿನಿಂದ ಹೊರಟ ದೀಪಗಳ ನ್ಯೂಟ್ರಲ್ಲನ್ನು ಎಲ್ಲದರ ಜೊತೆ ಒಂದೇ ಪಟ್ಟಿಗೆ ಕಟ್ಟಿರುತ್ತಾರೆ. ಇನ್ವರ್ಟರ್ ಸಾಲಿನ ನ್ಯೂಟ್ರಲ್ಲನ್ನು ಬೇರೆಯಾಗಿ ಎಳೆಯುವುದು ಡಿಬಿ ಸರಿಸುವಾಗ ಸುಲಭ, ಆಮೇಲೆ ದೊಡ್ಡ ರಾಮಾಯಣ. ಕೆಲಸಕ್ಕೆ ಮುಂಚೆಯೇ ಗುತ್ತಿಗೆದಾರರಲ್ಲಿ ಕೇಳಿ: ‘ಇನ್ವರ್ಟರಿನ ನ್ಯೂಟ್ರಲ್ ಏನು ಮಾಡುತ್ತೀರಿ?’ ಉತ್ತರ ತಡವರಿಸಿದರೆ ಇನ್ನೊಬ್ಬರನ್ನು ವಿಚಾರಿಸಿ.

ಸಿಡಿಲಿನ ಕಾಟ ಇರುವ ಊರಾದರೆ, ಮಳೆಗಾಲದ ಹಿಂದು ಮುಂದು ಟಿವಿ, ಮೋಡೆಮ್ ಕಳೆದುಕೊಂಡವರಾದರೆ, ಸರ್ಜ್ ಅಂದರೆ ವೋಲ್ಟೇಜಿನ ದಿಢೀರ್ ಏರಿಕೆ ತಡೆಯುವ ಎಸ್‌ಪಿಡಿಯೊಂದಕ್ಕೂ ಡಿಬಿಯಲ್ಲಿ ಜಾಗವಿಡಿ. ಅರ್ಥಿಂಗ್ ಸರಿಯಿಲ್ಲದಿದ್ದರೆ ಅದು ಬರೀ ಅಲಂಕಾರ.

ಕೆಲಸದ ದಿನ

ಹಿಂದಿನ ದಿನವೇ ಒಂದೊಂದು ಫ್ಯೂಸಿನ ಸಾಲನ್ನೂ ಆರಿಸುತ್ತ ಮನೆಯಲ್ಲಿ ಏನೇನು ಆರಿತು ಎಂದು ಬರೆದುಕೊಳ್ಳಿ. ಹಿಂದೆ ಯಾರೋ ಬಚ್ಚಲಿನ ದೀಪವನ್ನು ದನದ ಕೊಟ್ಟಿಗೆಯ ಸಾಲಿನಿಂದ ಎಳೆದಿದ್ದು ಇಂಥ ಹೊತ್ತಿನಲ್ಲೇ ಬಯಲಾಗುತ್ತದೆ. ಬೋರ್ಡಿನ ಫೋಟೊಗಳನ್ನು ಮೊಬೈಲಿನಲ್ಲಿ ತೆಗೆದಿಡಿ, ಮುಚ್ಚಳ ಹಾಕಿದ್ದೂ ಬಿಚ್ಚಿದ್ದೂ.

ಬೆಳಗ್ಗೆ ಕೆಲಸ ಶುರುವಾಗುವಾಗ ಮೇನ್ ಆರಿಸಿದರೆ ಮುಗಿಯಲಿಲ್ಲ. ಇನ್ವರ್ಟರ್ ಇರುವ ಮನೆಯಲ್ಲಿ ಮೇನ್ ಆರಿಸಿದ ಮರುಕ್ಷಣ ಅದು ತಾನಾಗಿ ಅರ್ಧ ಮನೆಗೆ 230 ವೋಲ್ಟ್ ಕೊಡಲು ಶುರುಮಾಡುತ್ತದೆ. ಅದನ್ನೂ ಆರಿಸಿ, ಬ್ಯಾಟರಿಯ ಸಂಪರ್ಕ ತೆಗೆಸಿ. ಹಳೆಯ ಮೇನ್ ಸ್ವಿಚ್ಚಿನ ಮೇಲ್ಭಾಗಕ್ಕೆ ಬರುವ ವೈರು ಮೀಟರಿನಿಂದ ನೇರವಾಗಿ ಬಂದದ್ದು, ಸ್ವಿಚ್ ಕೆಳಗಿಳಿಸಿದರೂ ಅದರಲ್ಲಿ ಕರೆಂಟು ಇರುತ್ತದೆ. ಅದನ್ನು ಬಿಚ್ಚಬೇಕಾದರೆ ಹೆಸ್ಕಾಂ ಸಿಬ್ಬಂದಿ ಬಂದು ಸರಬರಾಜು ಕಡಿದು ಕೊಡಬೇಕು. ‘ಕೈಗವಸು ಹಾಕಿಕೊಂಡು ಮಾಡಿಬಿಡುತ್ತೇನೆ’ ಎನ್ನುವವರ ಧೈರ್ಯಕ್ಕೆ ನಿಮ್ಮ ಮನೆ ಪರೀಕ್ಷಾ ಕಣವಾಗುವುದು ಬೇಡ.

ವೈರು ಪೆಟ್ಟಿಗೆಯೊಳಗೆ ಕೆಳಗಿನಿಂದ ಬರುವಂತಿದ್ದರೆ ಅತ್ಯುತ್ತಮ. ಅಟ್ಟದಿಂದ ಇಳಿಯುವ ಪೈಪಾದರೆ ಮಾಡು ಸೋರಿದ ದಿನ ನೀರು ಅದೇ ಪೈಪಿನಲ್ಲಿ ಇಳಿದು ಡಿಬಿಗೆ ಬರುತ್ತದೆ. ಪೈಪಿನ ಬಾಯನ್ನು ಸೀಲೆಂಟಿನಿಂದ ಮುಚ್ಚಿಸಿ. ಬಳಸದೆ ಉಳಿದ ತೂತುಗಳನ್ನೂ ರಬ್ಬರ್ ಬಿರಡೆಯಿಂದ ಮುಚ್ಚಬೇಕು, ಇಲ್ಲದಿದ್ದರೆ ಇರುವೆ, ಹಲ್ಲಿ, ಮಣ್ಣಿನ ಗೂಡು ಕಟ್ಟುವ ಕಣಜ ಎಲ್ಲವೂ ಒಕ್ಕಲಾಗುತ್ತವೆ. ಎಳೆಗಳಿರುವ ವೈರಿನ ತುದಿಗೆ ಲೋಹದ ಟೊಪ್ಪಿಯಂಥ ಲಗ್ ಒತ್ತಿಸಿ, ಆಮೇಲೆ ಸ್ಕ್ರೂ.

ಎಲ್ಲ ಮುಗಿದ ಮೇಲೆ ಕರೆಂಟು ಹಾಯಿಸುವ ಮುಂಚೆ ಮೆಗ್ಗರ್ ಎಂಬ ಅಳೆಯುವ ಉಪಕರಣ ಹಿಡಿದು ಇನ್ಸುಲೇಶನ್ ಪರೀಕ್ಷೆ ಮಾಡಿಸಿ. 500 ವೋಲ್ಟಿನ ಪರೀಕ್ಷೆಯಲ್ಲಿ ಪ್ರತಿ ಸಾಲೂ ಒಂದು ಮೆಗಾ ಓಮ್‌ಗಿಂತ ಮೇಲೆ ತೋರಿಸಬೇಕು. ಕಡಿಮೆ ತೋರಿಸುವ ಸಾಲು ಯಾವ ಗೋಡೆಯದು ಎಂದು ನೋಡಿದರೆ ಬಹುಶಃ ಅದು ಪಡುವಣದ್ದೇ ಆಗಿರುತ್ತದೆ. ಕರೆಂಟು ಬಂದ ಮೇಲೆ ಆರ್‌ಸಿಸಿಬಿಯ ಟೆಸ್ಟ್ ಗುಂಡಿಯನ್ನು ಗುತ್ತಿಗೆದಾರರ ಎದುರೇ ಒತ್ತಿ.

ಮರೆಮಾಡುವುದು

ಅಂತೂ ಚಂದದ ವಿಷಯಕ್ಕೆ ಬಂದೆವು. ನನ್ನ ಮಟ್ಟಿಗೆ ಬಿಳಿ ಬಾಗಿಲಿನ ಹೊಸ ಡಿಬಿ ಬಿಳಿ ಗೋಡೆಯಲ್ಲಿ ತಾನಾಗಿಯೇ ಮರೆಯಾಗುತ್ತದೆ, ಇನ್ನೇನೂ ಬೇಡ. ಅಷ್ಟಕ್ಕೆ ತೃಪ್ತಿಯಿಲ್ಲದವರು ಕೀಲಿನ ಮೇಲೆ ಬಾಗಿಲಿನಂತೆ ತೆರೆಯುವ ಚೌಕಟ್ಟು ಮಾಡಿಸಬಹುದು. ಮೊಳೆಗೆ ತೂಗಿಸುವ ಚಿತ್ರ ಬೇಡ, ಕತ್ತಲಲ್ಲಿ ಅದನ್ನು ಇಳಿಸಿ ಎಲ್ಲಿಡುವುದು? ಚೌಕಟ್ಟಿನ ಮುಖಕ್ಕೆ ಏನು ಹಾಕಬೇಕು ಎಂಬುದು ಮನೆಯವರ ರುಚಿ. ಕೆಂಪು ನೆಲದ ಮೇಲೆ ಬಿಳಿ ಗೆರೆಗಳ ಹಸೆ ಚಿತ್ತಾರದ ಹಲಗೆಯೊಂದನ್ನು ಹಾಗೆ ಕೂರಿಸಿದರೆ ಬಂದವರು ಚಿತ್ತಾರ ನೋಡುತ್ತಾರೆಯೇ ಹೊರತು ಹಿಂದಿನದನ್ನಲ್ಲ. ಯಕ್ಷಗಾನದ ಕಿರೀಟದ ಫೋಟೊ ಆದರೂ ಸರಿ.

ಕಟ್ಟುವಾಗ ಗಮನಿಸಬೇಕಾದದ್ದು ಮರದ ಗುಣ. ಬೇಸಗೆಯಲ್ಲಿ ಬಿಗಿಯಾಗಿ ಕೂತ ಬಾಗಿಲು ಜುಲೈಯಲ್ಲಿ ಉಬ್ಬಿ ಕಚ್ಚಿಕೊಳ್ಳುತ್ತದೆ, ಡಿಬಿಯ ಅಗತ್ಯ ಬೀಳುವುದೂ ಜುಲೈಯಲ್ಲೇ. ಸುತ್ತ ಮೂರು ನಾಲ್ಕು ಮಿಲಿಮೀಟರ್ ಸಂದು ಬಿಡಿಸಿ ಅಥವಾ ಅಲ್ಯೂಮಿನಿಯಂ ಚೌಕಟ್ಟು ಮಾಡಿಸಿ. ಗೆದ್ದಲಿನ ಚಿಂತೆಯೂ ತಪ್ಪುತ್ತದೆ. ಒತ್ತಿದರೆ ತೆರೆಯುವ ಗುಪ್ತ ಚಿಲಕ ತೇವಕ್ಕೆ ಕೈಕೊಡುತ್ತದೆ, ಕಾಣುವ ಸಣ್ಣ ಹಿಡಿ ಇರಲಿ. ಬೀಗ ಕೂಡದು. ಬಾಗಿಲು ಪೂರ್ತಿ ತೆರೆದಾಗ ಡಿಬಿಯ ಸ್ವಂತ ಬಾಗಿಲೂ ತಡೆಯಿಲ್ಲದೆ ತೆರೆಯಬೇಕು. ಮೇಲೆ ಕೆಳಗೆ ಗಾಳಿಯಾಡಲು ಸಂದು ಬೇಕು: ಎಂಸಿಬಿಗಳನ್ನು 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಹೊಂದಿಸಿರುತ್ತಾರೆ, ಬಿಸಿಗಾಳಿ ಕಟ್ಟಿಕೊಂಡ ಕಪಾಟಿನಲ್ಲಿ ಅವು ಹೇಳಿದ್ದಕ್ಕಿಂತ ಮೊದಲೇ ಬೀಳುತ್ತವೆ. ಬಟ್ಟೆಯ ಕಪಾಟಿನೊಳಗೆ ಡಿಬಿ ಇಡುವ ಯೋಚನೆಯನ್ನು ಯಾರೇ ಹೇಳಿದರೂ ಒಪ್ಪಬೇಡಿ. ಚೌಕಟ್ಟಿನ ಒಳಗೆ ಮೂರು ಇಂಚು ಜಾಗ ಮಿಕ್ಕಿತೆಂದು ಕೀಲಿಕೈ, ಬಿಲ್ಲು, ಬೆಂಕಿಪೊಟ್ಟಣ ಇಡುವ ಅಭ್ಯಾಸವೂ ಬರುತ್ತದೆ. ಮೊದಲ ದಿನವೇ ಮನೆಯವರಿಗೆಲ್ಲ ತಾಕೀತು ಮಾಡಿ.

ಯಾವ ಎಂಸಿಬಿ ಯಾವುದಕ್ಕೆ ಎಂಬುದನ್ನು ಕನ್ನಡದಲ್ಲೇ, ಮನೆಯ ಅಜ್ಜಿಗೂ ಓದಲು ಬರುವಷ್ಟು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ. ಕಾಗದದ ಚೀಟಿ ಒಂದು ಮಳೆಗಾಲಕ್ಕೆ ಉದುರುತ್ತದೆ, ಪ್ಲಾಸ್ಟಿಕ್ ಟೇಪಿನ ಮೇಲೆ ಅಳಿಸದ ಪೆನ್ನಿನಿಂದ ಬರೆಯಿರಿ. ಮರೆಯ ಹಿಂದೆ ಡಿಬಿ ಇದೆ ಎಂಬುದು ಮನೆಗೆಲಸಕ್ಕೆ ಬರುವವರಿಗೂ ಮಕ್ಕಳಿಗೂ ಗೊತ್ತಿರಬೇಕು.

ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ. ವಿದ್ಯುತ್ ಬಿಲ್ ಬಂದ ದಿನ ಎಂದಿಟ್ಟುಕೊಂಡರೆ ಮರೆಯುವುದಿಲ್ಲ. ಮೊದಲ ಮಳೆಗಾಲ ಕಳೆದ ಮೇಲೆ, ದೀಪಾವಳಿಯ ಆಸುಪಾಸು, ಅದೇ ಗುತ್ತಿಗೆದಾರರನ್ನು ಕರೆಸಿ ಮೇನ್ ಆರಿಸಿ ಒಳಗಿನ ಸ್ಕ್ರೂಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಿ, ತುಕ್ಕು, ಹಸಿರು ಹುಡಿ, ಸುಟ್ಟ ಕಲೆ ಇದೆಯೇ ನೋಡಿಸಿ. ಇದಕ್ಕೆ ಬರುತ್ತೇನೆಂಬ ಮಾತನ್ನು ಕೊನೆಯ ಕಂತಿನ ಹಣ ಕೊಡುವ ಮುಂಚೆಯೇ ತೆಗೆದುಕೊಂಡಿರಿ.